ಕಾಫಿ ಕಣದ ಗೋಲು

ಕಳೆದ ವಾರ ಸ್ಟಾಫ್ ರೂಮಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಮೇಡಂ, ಇದು ನಿಮ್ಮ ಟೀಮೇ ಅಲ್ವಾ?" ಎಂದರು. ಹತ್ತೊಂಬತ್ತು ವರ್ಷದೊಳಗಿನ ಹೆಣ್ಣುಮಕ್ಕಳ ಭಾರತ ಫುಟ್‌ಬಾಲ್ ತಂಡ ಯಾವ ಟೂರ್ನಿಯಲ್ಲಿ ಏನು ಮಾಡಿತು ಎಂದು ಯಾರೋ ಪುಣ್ಯಾತ್ಮರು ಕೋಷ್ಟಕ ಮಾಡಿ ಹಾಕಿದ್ದರು. ಆಡಿದ್ದು, ಗೆದ್ದದ್ದು, ಸೋತದ್ದು, ಹೊಡೆದ ಗೋಲು, ಹೊಡೆಸಿಕೊಂಡ ಗೋಲು. ನಾನು ಆಡಿದ ವರ್ಷದ ಸಾಲಿನಲ್ಲಿ ಗೆದ್ದದ್ದು ಎಂಬಲ್ಲಿ ಸೊನ್ನೆ. ಹೊಡೆದ ಗೋಲು ಎಂಬಲ್ಲಿ ಒಂದು. ಹೊಡೆಸಿಕೊಂಡದ್ದು ಎಷ್ಟು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಹುಡುಕಿಕೊಳ್ಳಲಿ, ನನಗೇನು ಬೇರೆ ಕೆಲಸವಿಲ್ಲವೇ.

"ಒಂದೂ ಗೆದ್ದಿಲ್ವಲ್ಲ ಮೇಡಂ," ಎಂದರು ಮೇಷ್ಟ್ರು. ಬೆರಳಿನಿಂದ ಇನ್ನಷ್ಟು ಕೆಳಗೆ ಸರಿಸಿ, "ಆ ಒಂದು ಗೋಲೂ ಎದುರಿನವರೇ ತಮ್ಮ ಬಲೆಗೆ ಹೊಡ್ಕೊಂಡಿದ್ದು ಅಂತ ಹಾಕಿದಾರೆ" ಎಂದರು.

"ಹಾಕ್ಕೊಳ್ಳಲಿ ಸಾರ್. ಆ ಗೋಲು ನಂದು."

ಅವರು ನಕ್ಕು ಸುಮ್ಮನಾದರು. ನಾನು ಸುಮ್ಮನಾಗುವವಳಲ್ಲ. ಆಲೂರಿನ ಕಡೆಯ ಈ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿ ಇಷ್ಟು ವರ್ಷ ಮಕ್ಕಳ ಹಿಂದೆ ಕೂಗಿದ್ದೇನೆ, ನನ್ನ ಗಂಟಲು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಬೆಲ್ ಹೊಡೆಯಿತು, ಅವರು ಚಾಕ್‌ಪೀಸ್ ಹಿಡಿದು ಎದ್ದುಹೋದರು, ಮಾತು ನನ್ನ ಹೊಟ್ಟೆಯಲ್ಲೇ ಉಳಿಯಿತು. ಅದನ್ನು ಈಗ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹೆತ್ತೂರಿನ ಆಚೆ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ. ಅಪ್ಪ ಎಸ್ಟೇಟಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವ್ವ ಕಾಫಿ ಕುಯ್ಲಿನ ಕಾಲದಲ್ಲಿ ಕಣದ ಕೆಲಸಕ್ಕೆ ಹೋಗುತ್ತಿದ್ದಳು. ಕಣ ಎಂದರೆ ಕಾಫಿ ಒಣಗಿಸುವ ದೊಡ್ಡ ಅಂಗಳ. ನಮ್ಮ ಕಡೆ ಒಂದು ಬಿಂದಿಗೆ ಇಟ್ಟರೆ ಉರುಳದೆ ನಿಲ್ಲುವ ಜಾಗ ಸಿಗುವುದೇ ಕಷ್ಟ. ಇಡೀ ಎಸ್ಟೇಟಿಗೆ ಮಟ್ಟವಾದ ನೆಲ ಎಂದರೆ ಅದೊಂದೇ. ಅದೂ ಪೂರ್ತಿ ಮಟ್ಟವಲ್ಲ, ನೀರು ನಿಲ್ಲಬಾರದೆಂದು ಒಂದು ಕಡೆಗೆ ಇಳಿಜಾರು ಬಿಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರಾದರೂ ನನಗೆ ಹೇಳಿದರೆ, ಬಂದು ನೋಡಿ ಎನ್ನುತ್ತೇನೆ. ನಮ್ಮ ನೆಲ ನಿಜವಾಗಿಯೂ ಡೊಂಕಿತ್ತು, ನಾವು ಅದರ ಮೇಲೇ ಕುಣಿದೆವು.

ಕಣದ ಮೇಲ್ಗಡೆ ಕಾಫಿ ಚೀಲ ಇಡುವ ಸ್ಟೋರು, ಪಕ್ಕದಲ್ಲಿ ಲೈನಿಗೆ ಹತ್ತುವ ದಾರಿ. ಇಳಿಜಾರಿನ ಕಡೆಗೆ ಮೊಣಕಾಲೆತ್ತರದ ಒಂದು ಕಟ್ಟೆ. ಕಟ್ಟೆಯಾಚೆ ನೇರ ಹಳ್ಳ, ಹಳ್ಳದ ತುಂಬ ರೊಬಸ್ಟಾ ಕಾಫಿ ಗಿಡ, ಗಿಡದ ಬುಡದಲ್ಲಿ ಮುಳ್ಳು, ಮಳೆ ಬಿದ್ದರೆ ಜಿಗಣೆ. ಈ ಹಳ್ಳವನ್ನು ಮರೆಯಬೇಡಿ, ನನ್ನ ಆಟವನ್ನು ಕಟ್ಟಿದ್ದೂ ಅದೇ, ಕೆಡಿಸಿದ್ದೂ ಅದೇ.

ಕಾಫಿ ಹಣ್ಣನ್ನು ಕಣದಲ್ಲಿ ಹರಡಿದರೆ ಕೆಲಸ ಮುಗಿಯಲಿಲ್ಲ. ಅಡಿಯದು ಮೇಲೆ, ಮೇಲಿನದು ಅಡಿಗೆ ಬರುವ ಹಾಗೆ ಬಿಸಿಲಿರುವಷ್ಟು ಹೊತ್ತೂ ಆಡಿಸುತ್ತಿರಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೋಲಿಗೆ ಹಲಗೆ ಬಡಿದುಕೊಂಡು ಎಳೆಯುವವರೂ ಇದ್ದರು. ನಮ್ಮ ಕಣದ ಹೆಂಗಸರು ಕಾಲಿನಲ್ಲೇ ಆಡಿಸುತ್ತಿದ್ದರು. ಸೀರೆ ಎತ್ತಿ ಸಿಕ್ಕಿಸಿ, ಬರಿಗಾಲನ್ನು ಕಾಫಿಯೊಳಗೆ ತೂರಿಸಿ, ಪಾದವನ್ನು ನೆಲದಿಂದ ಎತ್ತದೆ ಎಳೆಯುತ್ತ ಈ ತುದಿಯಿಂದ ಆ ತುದಿಗೆ ಹೋಗುವುದು, ಮತ್ತೆ ಬರುವುದು. ಎಡಗಾಲು, ಬಲಗಾಲು, ಎರಡಕ್ಕೂ ಅದೇ ಕೆಲಸ. ಕಾಲೆತ್ತಿ ಇಟ್ಟರೆ ಹಣ್ಣು ಜಜ್ಜಿಹೋಗುತ್ತದೆ. ನಾನು ಎತ್ತಿದಾಗಲೆಲ್ಲ ಅವ್ವ ಕಣಕಾಲಿಗೆ ಒಂದು ತಟ್ಟಿ, "ನೆಲ ಬುಡ್ಬ್ಯಾಡ ಕಣೇ" ಎನ್ನುತ್ತಿದ್ದಳು. ರಜೆಯ ದಿನ ನಾನೂ ಲೈನಿನ ಬೇರೆ ಹುಡುಗಿಯರೂ ಅವಳ ಹಿಂದೆ ಸಾಲಾಗಿ ಕಾಲೆಳೆಯುತ್ತ ಹೋಗುತ್ತಿದ್ದೆವು.

ಹೈಸ್ಕೂಲಿಗೆ ಸೇರಿದ ಮೇಲೆ ಚೆಂಡು ಬಂತು. ಬಯಲುಸೀಮೆಯ ಕಡೆಯಿಂದ ವರ್ಗವಾಗಿ ಬಂದಿದ್ದ ಪಿ.ಟಿ. ಮೇಷ್ಟ್ರು ಹುಡುಗರಿಗೆಂದು ಒಂದು ಫುಟ್‌ಬಾಲ್ ತಂದಿದ್ದರು. ಹುಡುಗರಿಗೆ ಕ್ರಿಕೆಟ್ಟಿನ ಹುಚ್ಚು, ಅದನ್ನು ಮುಟ್ಟಲಿಲ್ಲ. ಚೆಂಡು ಮೂಲೆಯಲ್ಲಿ ಬಿದ್ದಿತ್ತು. ಒಂದು ದಿನ ನಾನು ಅದನ್ನು ಅಂಗಾಲಿನಿಂದ ಎಳೆದು, ತಿರುಗಿಸಿ, ಮತ್ತೆ ಎಳೆಯುತ್ತ ನಿಂತಿದ್ದೆ, ಕಾಫಿ ಆಡಿಸಿದ ಹಾಗೆ, ಸುಮ್ಮನೆ. ಮೇಷ್ಟ್ರು ಬಂದು ನೋಡಿದರು. "ಯಾರಮ್ಮ ಹೇಳ್ಕೊಟ್ಟಿದ್ದು?" ಎಂದರು. ಯಾರೂ ಇಲ್ಲ ಎಂದೆ. ಶನಿವಾರ ಚೆಂಡನ್ನು ಮನೆಗೆ ಒಯ್ಯಲು ಬಿಟ್ಟರು. ಸೋಮವಾರ ತರಬೇಕಿತ್ತು. ನಾನು ತಂದೆ, ಮುಂದಿನ ಶನಿವಾರ ಮತ್ತೆ ಒಯ್ದೆ. ಕೊನೆಗೆ ಮೇಷ್ಟ್ರೇ ಬೇಸತ್ತು, ಇಟ್ಕೊಳ್ಳಮ್ಮ ಎಂದುಬಿಟ್ಟರು.

ಕಣದಲ್ಲಿ ನಮ್ಮ ಆಟಕ್ಕೆ ಒಂದೇ ಒಂದು ಕಾನೂನಿತ್ತು. ಚೆಂಡನ್ನು ಎತ್ತಿ ಹೊಡೆಯುವ ಹಾಗಿಲ್ಲ. ಎತ್ತಿದರೆ ಕಟ್ಟೆ ದಾಟಿ ಹಳ್ಳಕ್ಕೆ ಹೋಗುತ್ತಿತ್ತು. ಎತ್ತಿದವಳೇ ಇಳಿದು ತರಬೇಕು, ಅವಳು ಮುಳ್ಳಿನಲ್ಲಿ ಕೈಕಾಲು ಗೀರಿಸಿಕೊಂಡು ಮೇಲೆ ಬರುವಷ್ಟರಲ್ಲಿ ಕತ್ತಲಾಗಿ ಆಟವೇ ಮುಗಿದಿರುತ್ತಿತ್ತು. ಹಾಗಾಗಿ ನಾವೆಲ್ಲ ನೆಲಕ್ಕೆ ಅಂಟಿಸಿ ಆಡುವುದನ್ನು ಕಲಿತೆವು. ಎಷ್ಟು ಜೋರಾಗಿ ಹೊಡೆದರೂ ಚೆಂಡು ಹಾವಿನ ಹಾಗೆ ನೆಲದ ಮೇಲೇ ಹೋಗಬೇಕು.

ಆದರೆ ಕಣ ನಮ್ಮದಾಗಿರಲಿಲ್ಲ. ಅದು ರೈಟ್ರದ್ದು. ಸಾಹುಕಾರರು ಪೇಟೆಯಲ್ಲಿದ್ದರು, ಎಸ್ಟೇಟನ್ನು ನೋಡಿಕೊಳ್ಳುತ್ತಿದ್ದವರು ಎಸ್ಟೇಟ್ ರೈಟ್ರು. ಕೆಟ್ಟ ಮನುಷ್ಯರಲ್ಲ. ಯಾರಿಗಾದರೂ ಜ್ವರ ಬಂದರೆ ಜೀಪು ಕೊಡುತ್ತಿದ್ದರು. ಆದರೆ ಅವರ ಜೀವ ಇದ್ದದ್ದು ವಾಲಿಬಾಲ್‌ನಲ್ಲಿ. ಕಾಫಿ ಇಲ್ಲದ ತಿಂಗಳುಗಳಲ್ಲಿ ಭಾನುವಾರ ಸಾಯಂಕಾಲ ಕಣದಲ್ಲಿ ನೆಟ್ ಕಟ್ಟಿಸಿ, ಎಸ್ಟೇಟಿನ ಹುಡುಗರನ್ನು ಆಡಿಸಿ, ತಾವು ಮಡಚುವ ಕಬ್ಬಿಣದ ಕುರ್ಚಿ ಹಾಕಿಕೊಂಡು ವಿಷಲ್ ಹಿಡಿದು ಅಂಪೈರ್ ಆಗಿ ಕೂರುತ್ತಿದ್ದರು. ಹೊಡೆದ ಚೆಂಡು ಎದುರಿನವನ ಕೈಗೆ ತಾಗಿ ಹೊರಗೆ ಹೋದರೆ ಪ್ರತಿ ವಾರ ಜಗಳ. ತಾಗಿಲ್ಲ ಎಂದು ಆ ಕಡೆಯವರು, ತಾಗಿದೆ ಎಂದು ಈ ಕಡೆಯವರು. ರೈಟ್ರು ಕುರ್ಚಿಯಿಂದ ಅರ್ಧ ಎದ್ದು, ಕೈ ಚಾಚಿ, "ಟಚ್ ಕಣ್ರೋ. ತಾಗಿ ಹೋಗೈತೆ. ಹೊಡ್ದೋನ್ ಪಾಯಿಂಟು" ಎಂದರೆ ಮುಗಿಯಿತು. ಅವರ ಮಾತಿಗೆ ಎದುರಿಲ್ಲ. ಲೈನಿನ ನಾಯಿಗೂ ಆ ಮಾತು ಬಾಯಿಪಾಠವಾಗಿತ್ತು.

ನಾವು ಆಡುತ್ತಿದ್ದದ್ದು ರೈಟ್ರು ಪೇಟೆಗೆ ಹೋದ ಹೊತ್ತಿನಲ್ಲಿ ಕಳ್ಳತನದಿಂದ. ಅವರ ಜೀಪಿನ ಸದ್ದು ತಿರುವಿನಲ್ಲಿ ಕೇಳಿದರೆ ಚೆಂಡು ಎತ್ತಿಕೊಂಡು ಓಟ. ಸಿಕ್ಕಿಬಿದ್ದ ದಿನ ಬೈಗುಳ. ಕಣ ಎಂದರೆ ಲಕ್ಷ್ಮಿ ಇರೋ ಜಾಗ, ಅಲ್ಲಿ ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಕುಣಿಯುವುದೇ ಎಂದು. ಹುಡುಗರೂ ಚಡ್ಡಿಯಲ್ಲೇ ಕುಣಿಯುತ್ತಿದ್ದರು, ಲಕ್ಷ್ಮಿ ಅದಕ್ಕೇನೂ ಬೇಜಾರು ಮಾಡಿಕೊಂಡ ಹಾಗಿರಲಿಲ್ಲ.

ಒಂದು ಸಲ ಅವ್ವನ ಎದುರಿಗೇ ಇದನ್ನು ಅಂದರು. ಅವ್ವ ಗೋಣಿಚೀಲ ಕೊಡವುತ್ತಿದ್ದಳು, ಕೊಡವುವುದನ್ನು ನಿಲ್ಲಿಸಲಿಲ್ಲ.

"ರೈಟ್ರೇ, ನಾಟಿ ಹಾಕೋ ಹೊತ್ನಾಗೆ ನಾವು ಸೀರೆ ಎಲ್ಲಿಗಂಟ ಎತ್ತಿ ಕಟ್ತೀವಿ, ನೀವ್ ಕಂಡಿಲ್ವಾ? ಆವಾಗ ಯಾರ್ಗೂ ಮರ್ಯಾದೆ ನೆಪ್ಪಾಗಾಕಿಲ್ಲ. ನನ್ ಮಗಳ್ ಮೊಣಕಾಲ್ ಕಂಡ್ರೆ ಮಾತ್ರ ನೆಪ್ಪಾಗ್ತೈತಾ?"

ರೈಟ್ರು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಆಗ ಮಳೆ ಇರಲಿಲ್ಲ.

ಜಿಲ್ಲೆಗೆ ಆಡಿದೆ, ರಾಜ್ಯಕ್ಕೆ ಆಡಿದೆ. ಇದನ್ನೆಲ್ಲ ಉದ್ದ ಮಾಡುವುದಿಲ್ಲ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು, ಭಾರತದ ಹತ್ತೊಂಬತ್ತರ ಒಳಗಿನ ತಂಡದ ಕ್ಯಾಂಪಿಗೆ ನನ್ನನ್ನು ಕರೆದರು. ಏಷ್ಯಾದ ಒಂದು ಟೂರ್ನಿಗೆ ತಂಡ ಕಟ್ಟುತ್ತಿದ್ದರು. ಆ ವರ್ಷದ ಕಾಫಿ ಆಗಷ್ಟೇ ಕಣದಿಂದ ಎದ್ದು ಚೀಲ ಸೇರಿತ್ತು. ನಾನು ಹೊರಡುವ ದಿನ ಸ್ಟೋರಿನ ಮುಂದೆ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ, ಬಸ್ಸಿನ ತನಕ ಬಿಡಲು. ಲೈನಿನ ಹುಡುಗಿಯರೆಲ್ಲ ಟ್ರೇಲರ್ ಹತ್ತಿದ್ದರು. ಎಲ್ಲರಿಗಿಂತ ಚಿಕ್ಕವಳು, ಎರಡು ಜಡೆಯ ಪಕ್ಕದ ಮನೆಯ ಹುಡುಗಿ, ನನ್ನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ರೈಟ್ರು ಹೊರಗೆ ಬಂದರು. ಅವರಿಗೂ ಒಳಗೊಳಗೆ ಹೆಮ್ಮೆಯೇ ಇತ್ತೋ ಏನೋ, ಮುಖದಲ್ಲಿ ಕಾಣಲಿಲ್ಲ. ನಾನೇ ಕೇಳಿದೆ. "ಸಾರ್, ಭಾನುವಾರದ ಕಣ ನಮ್ ಹುಡುಗೀರ್ಗೆ ಬಿಡಿ."

"ಇಂಡಿಯಾಕ್ಕೆ ಆಡಾಕೆ ಹೊಂಟವ್ಳೆ, ಕಣ ಕೇಳ್ತಾಳಲ್ಲಪ್ಪ," ಎಂದರು ಅಪ್ಪನ ಕಡೆ ನೋಡಿ. ಅಪ್ಪ ಸ್ಟೇರಿಂಗ್ ಒರೆಸುತ್ತಿದ್ದ. ರೈಟ್ರು ನನ್ನ ಕಡೆ ತಿರುಗಿದರು. "ಆಯ್ತು, ಒಂದು ಮಾತು. ಒಂದು ಗೋಲು ಹೊಡ್ಕಂಡ್ ಬಾರವ್ವ. ಒಂದೇ ಒಂದು. ಭಾನುವಾರದ ಕಣ ನಿಮ್ದೇ. ನಾನೇ ನೆಟ್ ಬಿಚ್ಚುಸ್ತೀನಿ."

"ಹೊಡೀದಿದ್ರೆ?" ಎಂದಳು ಅವ್ವ.

"ಹೊಡೀದಿದ್ರೆ ಕಣದ್ ಸುದ್ದಿಗೆ ಬರಂಗಿಲ್ಲ. ಆ ಚೆಂಡ್ನ ಅಟ್ಟಕ್ ಹಾಕ್ಬುಡಿ. ಇವ್ಳೊಬ್ಳು ಮಾತ್ರ ಅಲ್ಲ, ಎಲ್ರೂ."

ಆಗಲಿ ಎಂದೆ. ಟ್ರೇಲರಿನಲ್ಲಿದ್ದ ಹುಡುಗಿಯರು ಆಗಲೇ ಕಣ ಸಿಕ್ಕಿದ ಹಾಗೆ ಕೇಕೆ ಹಾಕಿದರು.

ಕ್ಯಾಂಪಿನಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಪರಸ್ಪರರ ಹೆಸರನ್ನು ಸರಿಯಾಗಿ ಕರೆಯಲು ಕಲಿಯುವಷ್ಟರಲ್ಲಿ ವಿಮಾನ ಹತ್ತಿದ್ದೆವು. ನನ್ನ ಜೊತೆ ಕೋಣೆಯಲ್ಲಿದ್ದವಳು ಮಣಿಪುರದ ಕಡೆಯ ಗೋಲ್‌ಕೀಪರ್. ಅವಳ ಹಿಂದಿಯೂ ಹರುಕು, ನನ್ನದೂ ಹರುಕು, ಎರಡೂ ಸೇರಿ ಚೆನ್ನಾಗಿಯೇ ನಡೆಯುತ್ತಿತ್ತು. ಕೋಚ್ ಮೇಡಂ ನನಗೆ ದಿನವೂ ಹೇಳುತ್ತಿದ್ದದ್ದು ಒಂದೇ ಮಾತು, ಚೆಂಡು ಎತ್ತು, ಎತ್ತಿ ಹೊಡಿ. ಗೋಲ್‌ಕೀಪರ್ ಮುಂದೆ ಬಂದಾಗ ತಲೆಯ ಮೇಲಿಂದ ಎತ್ತಬೇಕು. ಅಭ್ಯಾಸದಲ್ಲಿ ಎತ್ತುತ್ತಿದ್ದೆ. ಆಟ ಬಿಸಿಯಾಯಿತು ಎಂದರೆ ಮುಗಿಯಿತು, ಕಾಲು ತಾನಾಗಿಯೇ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ತಲೆಗೆ ಗೊತ್ತಿತ್ತು ಇಲ್ಲಿ ಹಳ್ಳವಿಲ್ಲ ಎಂದು. ಕಾಲಿಗೆ ಯಾರು ಹೇಳಬೇಕು?

ಟೂರ್ನಿ ಪೂರ್ವದ ಒಂದು ದೇಶದಲ್ಲಿತ್ತು. ಅಲ್ಲಿನ ಮೈದಾನದ ಹುಲ್ಲನ್ನು ಕಂಡಿದ್ದರೆ ನಮ್ಮೂರಿನ ದನಗಳಿಗೆ ಹುಚ್ಚು ಹಿಡಿಯುತ್ತಿತ್ತು. ಮೊದಲ ಆಟಕ್ಕೆ ಮುಂಚೆ ರಾಷ್ಟ್ರಗೀತೆ ಹಾಕಿದರು. ನನಗೆ ಅಳು ಬಂತು, ಅತ್ತೆ, ಅದರಲ್ಲಿ ನಾಚಿಕೆ ಏನು. ಆಮೇಲೆ ಆಟ ಶುರುವಾಯಿತು. ಎದುರಿನವರು ಓಡುವುದನ್ನು ನೋಡಿಯೇ ನನಗೆ ಉಸಿರು ಹಿಡಿಯಿತು. ಸೋತೆವು. ಎರಡನೆಯ ಆಟವೂ ಸೋತೆವು, ಇನ್ನೂ ಕೆಟ್ಟದಾಗಿ. ಆ ಹುಡುಗಿಯರು ಆಟವಾಡಲು ಕಲಿತದ್ದು ಅಂಥ ಹುಲ್ಲಿನ ಮೇಲೆ, ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುತ್ತಿರುವಾಗ. ನಾವು ಕಲಿತದ್ದು ಜೀಪಿನ ಸದ್ದಿಗೆ ಕಿವಿ ಕೊಟ್ಟುಕೊಂಡು. ಕೋಷ್ಟಕದಲ್ಲಿ ಇದಕ್ಕೊಂದು ಕಲಂ ಇಲ್ಲ.

ನನ್ನ ಗೋಲ್‌ಕೀಪರ್ ಗೆಳತಿಯನ್ನು ನೆನೆದರೆ ಈಗಲೂ ನನಗೆ ಸಿಟ್ಟೂ ಪ್ರೀತಿಯೂ ಒಟ್ಟಿಗೆ ಉಕ್ಕುತ್ತವೆ. ಅಷ್ಟು ಚೆಂಡುಗಳು ಅವಳನ್ನು ದಾಟಿದವು, ಒಂದು ಸಲವೂ ತಲೆ ಕೆಳಗೆ ಹಾಕಲಿಲ್ಲ. ಬಲೆಯಿಂದ ಚೆಂಡು ತೆಗೆದು, ನಡುಮೈದಾನಕ್ಕೆ ಒದ್ದು, "ಫಿರ್ ಸೆ" ಎಂದು ಕೂಗುತ್ತಿದ್ದಳು. ಮತ್ತೆ ಶುರು ಎಂದು. ಅವಳ ಮೊಣಕೈ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ನಮ್ಮಲ್ಲಿ ಒಬ್ಬಳಾದರೂ ಬೆನ್ನು ತಿರುಗಿಸಿ ನಿಂತಿದ್ದರೆ ನಾನು ಬರೆಯುತ್ತಿದ್ದೆ. ಒಬ್ಬಳೂ ನಿಲ್ಲಲಿಲ್ಲ.

ಕೊನೆಯ ಆಟದ ದಿನ ನೋಡಲು ಬಂದಿದ್ದವರು ಬೆರಳೆಣಿಕೆಯ ಮಂದಿ. ನಾವು ಹೇಗೂ ಮನೆಗೆ ಹೋಗುವವರೇ ಎಂದು ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಆ ಆಟದಲ್ಲಿ ಕಣ ಇತ್ತು. ಬೂಟಿನ ದಾರ ಕಟ್ಟುವಾಗ ಎರಡು ಜಡೆಯವಳ ಮುಖ ಕಣ್ಣಿಗೆ ಬರುತ್ತಿತ್ತು. ಇವತ್ತು ಹೊಡೆಯದೆ ಹೋದರೆ ಅವಳು ಚೆಂಡು ಮುಟ್ಟುವಂತಿಲ್ಲ. ಅಂಥ ಮಾತನ್ನು ನಾನು ಯಾಕಾದರೂ ಒಪ್ಪಿಕೊಂಡು ಬಂದೆ ಎಂದು ನನ್ನ ಮೇಲೇ ಉರಿದುಕೊಂಡೆ. ಆ ಶರತ್ತು ಹಾಕಿದ ರೈಟ್ರ ಮೇಲೆ ಅದಕ್ಕಿಂತ ಹೆಚ್ಚು ಉರಿಯಿತು. ಆ ಉರಿಯಲ್ಲೇ ಆಡಿದೆ.

ಎರಡನೆಯ ಅರ್ಧದಲ್ಲಿ ಬಲಗಡೆ ನನಗೆ ಚೆಂಡು ಸಿಕ್ಕಿತು. ಒಬ್ಬಳು ಎದುರು ಬಂದಳು. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದೆ, ಅವಳು ಮುಂದೆ ಹೋಗಿಬಿಟ್ಟಳು. ಇನ್ನೊಬ್ಬಳು ಬಂದಳು, ಎಡಗಾಲಿನಿಂದ ಎಳೆದೆ, ಅವಳೂ ಹೋದಳು. ಎದುರಿಗೆ ಅವರ ಗೋಲ್‌ಕೀಪರ್, ಮುಂದೆ ಓಡಿ ಬರುತ್ತಿದ್ದಾಳೆ. ಅವಳ ಹಿಂದೆ ಬಲೆ ಪೂರ್ತಿ ಖಾಲಿ. ಹತ್ತು ವರ್ಷದ ಮಗುವೂ ಎತ್ತಿ ಹಾಕುತ್ತಿತ್ತು. ಕೋಚ್ ಮೇಡಂ ಅಂಚಿನಿಂದ ಎತ್ತು ಎತ್ತು ಎಂದು ಅರಚುತ್ತಿದ್ದರು. ನಾನು ನೆಲಕ್ಕೆ ಅಂಟಿಸಿ ಹೊಡೆದೆ. ಗೋಲ್‌ಕೀಪರಿನ ಕೈಯಡಿ ನುಸುಳಿ ಹೋಯಿತು. ಪಕ್ಕದಿಂದ ಜಾರಿ ಬಂದ ಅವರ ಹುಡುಗಿಯೊಬ್ಬಳ ಬೂಟಿಗೆ ತಾಗಿತು, ಸ್ವಲ್ಪ ತಿರುಗಿತು, ಬಲೆಯೊಳಗೆ ಹೋಯಿತು.

ಗೋಲ್‌ಕೀಪರ್ ಗೆಳತಿ ಮೈದಾನದ ಆ ತುದಿಯಿಂದ ಈ ತುದಿಗೆ ಓಡಿ ಬಂದು ನನ್ನನ್ನು ಎತ್ತಿಕೊಂಡಳು. ಎಲ್ಲರೂ ನನ್ನ ಮೇಲೆ ಬಿದ್ದರು. ಗೆದ್ದವರೂ ಅಷ್ಟು ಕುಣಿದದ್ದನ್ನು ನಾನು ಕಂಡಿಲ್ಲ. ಆ ಗದ್ದಲದ ನಡುವೆ ಮೈಕಿನಲ್ಲಿ ಏನೋ ಹೇಳಿದರು. ಹೇಳಿದ ಹೆಸರು ನನ್ನದಲ್ಲ. ಆ ಬೂಟಿನ ಹುಡುಗಿಯದು. ಅವಳು ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದಳು, ಪಾಪ, ಅವಳದ್ದೇನು ತಪ್ಪು.

ಆಟ ಮುಗಿದ ಮೇಲೆ ಕೋಚ್ ಮೇಡಂ ನನ್ನ ಭುಜ ಹಿಡಿದು ಹಿಂದಿಯಲ್ಲಿ ಕೇಳಿದರು, ಯಾಕೆ ಎತ್ತಲಿಲ್ಲ ನೀನು, ಎತ್ತಿದ್ದರೆ ನಿನ್ನ ಹೆಸರಿಗೇ ಇರುತ್ತಿತ್ತಲ್ಲ.

"ಎತ್ತಿದ್ರೆ ಹಳ್ಳಕ್ ಹೋಗ್ತಿತ್ತು ಮೇಡಂ," ಎಂದೆ ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ಕನ್ನಡ ಬರುತ್ತಿದ್ದರೂ ಆಗುತ್ತಿರಲಿಲ್ಲ.

ನಾನು ಊರು ಮುಟ್ಟುವುದಕ್ಕಿಂತ ಮುಂಚೆ ಸುದ್ದಿ ಮುಟ್ಟಿತ್ತು. ಪೇಪರಿನ ಆಟದ ಪುಟದ ಮೂಲೆಯಲ್ಲಿ ಎರಡು ಸಾಲು ಬಂದಿತ್ತಂತೆ. ರೈಟ್ರು ಅದನ್ನು ಸ್ಟೋರಿನ ಮುಂದೆ ಎಲ್ಲರಿಗೂ ಓದಿ ಹೇಳಿದ್ದರು. ಬಸ್ಸಿಳಿದಾಗ ಹುಡುಗಿಯರು ಕಾದಿದ್ದರು. ಯಾರೂ ಕೇಕೆ ಹಾಕಲಿಲ್ಲ. ಎರಡು ಜಡೆಯವಳು ನನ್ನ ಚೀಲ ತೆಗೆದುಕೊಂಡು ಕೇಳಿದಳು, "ಅಕ್ಕಾ, ಕಣ ಸಿಗಾಕಿಲ್ವಂತೆ ಹೌದಾ?"

ಚೀಲ ಅವಳ ಕೈಯಲ್ಲೇ ಬಿಟ್ಟು ನೇರ ಸ್ಟೋರಿಗೆ ಹೋದೆ. ರೈಟ್ರು ಜಗಲಿಯಲ್ಲಿದ್ದರು.

"ಸಾರ್, ಗೋಲು ಹೊಡ್ದಿದೀನಿ."

"ನೀನೆಲ್ಲಿ ಹೊಡ್ದೆ? ಪೇಪರ್ನಾಗೆ ಬರ್ದೈತಲ್ಲ, ಅವ್ರ್ ಹುಡುಗೀನೇ ಅವ್ರ್ ಬಲೆಗ್ ಹಾಕ್ಕಂಡ್ಳು ಅಂತ."

"ಹೊಡ್ದಿದ್ದು ನಾನು. ಅವ್ಳ್ ಕಾಲಿಗ್ ತಾಗಿ ಹೋಯ್ತು."

"ನೀನ್ ಹೇಳೋದ್ ನಂಬ್ಲಾ, ಪೇಪರ್ ನಂಬ್ಲಾ? ಮಾತು ಅಂದ್ರೆ ಮಾತು ಕಣವ್ವ. ಗೋಲ್ ಹೊಡ್ಕಂಡ್ ಬಾ ಅಂದಿದ್ದೆ. ಹೊಡೀಲಿಲ್ಲ. ಸೋತು ಬಂದೋರ್ಗೆ ಕಣ ಯಾಕೆ?"

ಸೋತು ಬಂದವರು. ಆ ಮಾತು ನನ್ನ ನೆತ್ತಿಗೆ ಹತ್ತಿತು. ಸೋಲಲಿಕ್ಕಾದರೂ ಅಲ್ಲಿಯ ತನಕ ಹೋಗಬೇಕು ಸಾರ್, ನಿಮ್ಮ ವಾಲಿಬಾಲ್ ಹುಡುಗರು ಹಾಸನ ದಾಟಿಲ್ಲ ಎಂದೆ. ಅಂದದ್ದಕ್ಕೆ ಈಗಲೂ ಬೇಸರವಿಲ್ಲ. ಅಪ್ಪ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದ.

ಮನೆಯಲ್ಲಿ ಅವ್ವ ಬಿಸಿನೀರು ಕಾಯಿಸಿಟ್ಟಿದ್ದಳು. ನಾನು ಮೊಣಕಾಲಿನ ಗಾಯ ತೊಳೆಯುತ್ತ ಅಳುತ್ತಿದ್ದೆ. ಗಾಯಕ್ಕಲ್ಲ. ಅವ್ವ ಪಕ್ಕಕ್ಕೆ ಬಂದು ಕೂತಳು.

"ನೀನ್ ಹೊಡ್ದಿದ್ದು ದಿಟ ತಾನೆ?"

"ದಿಟ ಅವ್ವ."

"ಹಂಗಾರೆ ಅಳ್ತೀಯ ಯಾಕೆ? ಭಾನ್ವಾರ ಚೆಂಡ್ ತಗಂಡ್ ನಡಿ. ನಾನೂ ಬತ್ತೀನಿ."

ಭಾನುವಾರ ಸಾಯಂಕಾಲ ಹೋದೆವು. ಹುಡುಗರು ನೆಟ್ ಕಟ್ಟಿ ಆಟ ಶುರು ಮಾಡಿದ್ದರು. ಕಣದ ಒಂದು ಭಾಗ ಖಾಲಿ ಇತ್ತು. ಎರಡು ಕುಯ್ಲಿನ ಬುಟ್ಟಿಗಳನ್ನು ತಂದು ಸ್ಟೋರಿನ ಗೋಡೆಯ ಕಡೆಗೆ ಗೋಲಿನ ಹಾಗೆ ಇಟ್ಟೆ. ಲೈನಿನ ಹುಡುಗಿಯರೆಲ್ಲ ಬಂದಿದ್ದರು, ಅವರ ತಾಯಂದಿರೂ ಕೆಲವರು ಬಂದು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ನಿಂತೇ ಇದ್ದಳು.

ರೈಟ್ರು ವಿಷಲ್ ಊದಿ ವಾಲಿಬಾಲ್ ನಿಲ್ಲಿಸಿದರು. ತಮ್ಮ ಕಬ್ಬಿಣದ ಕುರ್ಚಿಯನ್ನು ನೆಲಕ್ಕೆ ಕರಕರ ಉಜ್ಜುತ್ತ ಎಳೆದುಕೊಂಡು ಬಂದು, ನನ್ನ ಎರಡು ಬುಟ್ಟಿಗಳ ನಟ್ಟನಡುವೆ ಹಾಕಿ, ಅದರ ಮೇಲೆ ಕೂತರು. ಕಾಲು ಚಾಚಿದರು.

"ಆಡಿ ನೋಡಾನ," ಎಂದರು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಿಬ್ಬರು ಹಿಂದೆ ಸರಿದರು. 'ಫಿರ್ ಸೆ' ಎಂದು ನನ್ನ ಬಾಯಲ್ಲಿ ಬಂತು, ಯಾರಿಗೂ ಅರ್ಥವಾಗಲಿಲ್ಲ. ಚೆಂಡನ್ನು ನೆಲಕ್ಕೆ ಹಾಕಿ ಅಂಗಾಲಿನಿಂದ ಎಳೆದೆ. "ನಮ್ ಪಾಡಿಗ್ ನಾವ್ ಆಡಾನ ಬನ್ರೇ, ಅವ್ರು ಕೂತ್ಕಂಡ್ರೆ ಕೂತ್ಕಳ್ಳಿ."

ಆಡಿದೆವು. ಮೊದಮೊದಲು ಯಾರೂ ಗೋಲಿನ ಕಡೆ ಹೊಡೆಯಲಿಲ್ಲ. ಕುರ್ಚಿಯ ಸುತ್ತ ಸುತ್ತಿ, ಎಳೆದು, ಒಬ್ಬರಿಗೊಬ್ಬರು ಕೊಟ್ಟು ಆಡುತ್ತಿದ್ದೆವು. ವಾಲಿಬಾಲ್ ಹುಡುಗರು ನೆಟ್ ಹಿಡಿದುಕೊಂಡು ನೋಡುತ್ತಿದ್ದರು. ಎರಡು ಜಡೆಯವಳು ನನಗೆ ಚೆಂಡು ಕೊಟ್ಟಳು, ನನ್ನ ಎದುರಿಗೆ ಯಾರೂ ಇರಲಿಲ್ಲ, ಬುಟ್ಟಿಗಳು, ನಡುವೆ ರೈಟ್ರು. ಹೊಡೆದೆ. ನೆಲಕ್ಕೆ ಅಂಟಿಸಿ, ಅವರ ಎಡಗಡೆಯ ಸಂದಿಗೆ. ಸುಮ್ಮನೆ ಕೂತಿದ್ದರೆ ಗೋಡೆಗೆ ಬಡಿಯುತ್ತಿತ್ತೋ ಬುಟ್ಟಿಗೆ ಬಡಿಯುತ್ತಿತ್ತೋ. ಅವರು ತಡೆಯಲೆಂದು ಕಾಲು ಚಾಚಿದರು. ಚೆಂಡು ಅವರ ಬೂಟಿನ ಅಂಚಿಗೆ ತಾಗಿ, ಒಳಕ್ಕೆ ತಿರುಗಿ, ಕುರ್ಚಿಯ ಕಾಲುಗಳ ನಡುವೆ ನುಸುಳಿ ಹಿಂದಕ್ಕೆ ಹೋಯಿತು.

ಬೇಕಂತಲೇ ಹೊಡೆದೆಯಾ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಬೇಕಂತಲೇ ಅಷ್ಟು ಗುರಿ ಇಟ್ಟು ಹೊಡೆಯುವವಳಾಗಿದ್ದರೆ ಆ ಕೋಷ್ಟಕ ಹಾಗಿರುತ್ತಿತ್ತೇ?

ಚೆಂಡು ಕುರ್ಚಿ ದಾಟಿದ್ದೇ ಎರಡು ಜಡೆಯವಳು ಚಪ್ಪಾಳೆ ತಟ್ಟಿಕೊಂಡು ಕುಣಿಯತೊಡಗಿದಳು. "ರೈಟ್ರು ಗೋಲ್ ಹೊಡ್ದ್ರು, ರೈಟ್ರು ಅವ್ರ್ ಬುಟ್ಟಿಗ್ ಅವ್ರೇ ಹೊಡ್ಕಂಡ್ರು."

ಹುಡುಗರು ನಕ್ಕರು. ಕಟ್ಟೆಯ ಮೇಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ರೈಟ್ರ ಮುಖ ಕೆಂಪಾಯಿತು. ಕುರ್ಚಿಯಿಂದ ಅರ್ಧ ಎದ್ದರು.

"ಏಯ್, ಯಾರೇ ಅದು? ನಾನೆಲ್ಲಿ ಹೊಡ್ದೆ? ಟಚ್ ಕಣ್ರೇ ಅದು. ನಂಗ್ ತಾಗಿ ಹೋಗೈತೆ. ಹೊಡ್ದೋಳ್ ಪಾಯಿಂಟು."

ಅಂದರು, ಅಭ್ಯಾಸಬಲದಿಂದ ಅವರ ಕೈ ಚಾಚಿಕೊಂಡಿತು. ನನ್ನ ಕಡೆಗೆ.

ಆ ಕೈ ಹಾಗೇ ನಿಂತಿತು. ಅವ್ವ ನಿಂತಲ್ಲಿಂದಲೇ, ದನಿ ಏರಿಸದೆ ಕೇಳಿದಳು, "ಹಂಗಾರೆ ಅಲ್ಲಿ ತಾಗಿ ಹೋಗಿದ್ದು ಯಾರ್ ಗೋಲು, ರೈಟ್ರೇ?"

ರೈಟ್ರು ತಮ್ಮ ಕೈಯನ್ನು ನೋಡಿಕೊಂಡರು, ಬೇರೆಯವರ ಕೈ ನೋಡಿದ ಹಾಗೆ. ನಿಧಾನವಾಗಿ ಇಳಿಸಿದರು. ಇಷ್ಟು ವರ್ಷ ಆ ಕಣದಲ್ಲಿ ಒಮ್ಮೆ ಕೊಟ್ಟ ಪಾಯಿಂಟನ್ನು ಅವರು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ. ಅದು ಅವರಿಗೂ ಗೊತ್ತಿತ್ತು, ನೆಟ್ ಹಿಡಿದು ನಿಂತಿದ್ದ ಹುಡುಗರಿಗೂ ಗೊತ್ತಿತ್ತು. ಕುರ್ಚಿಯನ್ನು ಮಡಚಿ ಕಂಕುಳಿಗೆ ಇಟ್ಟುಕೊಂಡರು.

"ನೆಟ್ ಬಿಚ್ರೋ," ಎಂದರು ಹುಡುಗರಿಗೆ.

ಎರಡು ಜಡೆಯವಳು ಬುಟ್ಟಿಗಳ ಹಿಂದೆ ಹೋಗಿ ಚೆಂಡು ಎತ್ತಿಕೊಂಡು ಬಂದಳು. ಆ ಭಾನುವಾರ ಆಟ ಕತ್ತಲಾಗುವ ತನಕ ನಡೆಯಿತು, ಮುಂದಿನ ಭಾನುವಾರವೂ ನಡೆಯಿತು. ಗಣಿತದ ಮೇಷ್ಟ್ರ ಫೋನಿನಲ್ಲಿ ಆ ಗೋಲು ಯಾರ ಹೆಸರಿನಲ್ಲಿದೆಯೋ ಇರಲಿ. ನಮ್ಮ ಕಣದ ಅಂಪೈರು ಕೈ ತೋರಿಸಿ ಆಗಿದೆ.